ಗೋಡೆ ಓನರದು, ಹೈಡ್ರೋ ಬಿಲ್ ನಮ್ಮದು

2022ರ ಮೇ ತಿಂಗಳಲ್ಲಿ ನಾವು ಕೆನಡಾದ ಮಾಂಟ್ರಿಯಲ್‌ನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆವು. ಒಂದೇ ರಸ್ತೆಯಲ್ಲಿ ಎರಡು ಮನೆ ಖಾಲಿ ಇದ್ದವು. ಎರಡೂ ಇಲ್ಲಿನ ಲೆಕ್ಕದಲ್ಲಿ 4½. ಹಾಲ್, ಅಡುಗೆಮನೆ, ಎರಡು ಮಲಗುವ ಕೋಣೆ ಸೇರಿ ನಾಲ್ಕು. ಬಚ್ಚಲು ಅರ್ಧ. ಒಂದಕ್ಕೆ ತಿಂಗಳಿಗೆ 1,190 ಡಾಲರ್ ಬಾಡಿಗೆ, ಇನ್ನೊಂದಕ್ಕೆ 1,120. ಜಾಹೀರಾತಿನಲ್ಲಿ ಮೊದಲನೆಯದರ ಪಕ್ಕ 'ಶೋಫೇ' ಅಂತ ಇತ್ತು. ಎರಡನೆಯದರ ಪಕ್ಕ 'ನಾನ್ ಶೋಫೇ'. ಫ್ರೆಂಚಿನಲ್ಲಿ ಹಾಗಂದರೆ, ಮೊದಲ ಮನೆಯಲ್ಲಿ ಚಳಿಗಾಲದ ಬಿಸಿಯ ಖರ್ಚು ಬಾಡಿಗೆಯಲ್ಲೇ ಸೇರಿದೆ. ಎರಡನೆಯದರಲ್ಲಿ ಅದು ನಮ್ಮ ತಲೆಗೆ.

ನಾವು 1,120ರ ಮನೆ ಹಿಡಿದೆವು. ತಿಂಗಳಿಗೆ 70 ಡಾಲರ್ ಉಳಿತಾಯ, ವರ್ಷಕ್ಕೆ 840. ಮೂರನೇ ಮಹಡಿ, ಮೇಲೆ ಯಾರೂ ಇಲ್ಲ, ತಾರಸಿ ಮಾತ್ರ. ಕಿಟಕಿ ದೊಡ್ಡದು, ಬೆಳಕು ಚೆನ್ನಾಗಿದೆ ಅಂತ ನಮ್ಮನೆಯವರು ಖುಷಿಪಟ್ಟರು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸ ಇದ್ದ ನಮಗೆ ಇಲ್ಲಿ ಅಡ್ವಾನ್ಸ್ ಕೇಳುವುದೇ ಕಾನೂನಿಗೆ ವಿರುದ್ಧ ಅಂತ ತಿಳಿದು ಇನ್ನೂ ಸಮಾಧಾನವಾಯಿತು. ಕೆಬೆಕ್ ಪ್ರಾಂತ್ಯದ ಬಾಡಿಗೆ ಕರಾರಿಗೆ ಒಂದು ನಿಗದಿತ ಫಾರಂ ಇದೆ. ಅದರಲ್ಲಿ ಬಿಸಿಯ ಖರ್ಚು ಯಾರದು, ಕರೆಂಟ್ ಯಾರದು, ಬಿಸಿನೀರು ಯಾರದು ಅಂತ ಒಂದೊಂದಕ್ಕೂ ಟಿಕ್ ಹಾಕಬೇಕು. ಮೂರಕ್ಕೂ 'ಬಾಡಿಗೆದಾರರು' ಅನ್ನುವಲ್ಲಿ ಟಿಕ್ ಬಿತ್ತು. ಸಹಿ ಹಾಕಿದೆವು. ಜುಲೈ 1ಕ್ಕೆ ಮನೆ ಸೇರಿದೆವು. ಇಲ್ಲಿ ಹೆಚ್ಚಿನ ಕರಾರುಗಳು ಅವತ್ತೇ ಶುರುವಾಗುತ್ತವೆ. ಊರಿಗೆ ಊರೇ ಅವತ್ತು ಸಾಮಾನು ಹೊತ್ತು ತಿರುಗುತ್ತಿರುತ್ತದೆ.

ಬೇಸಿಗೆಯಲ್ಲಿ ಆ ಮನೆ ನೋಡಿದ ಯಾರಿಗೂ ಚಳಿ ನೆನಪಾಗುವುದಿಲ್ಲ. ಗೋಡೆಯ ಬುಡದಲ್ಲಿ, ಕಿಟಕಿಗಳ ಕೆಳಗೆ, ಉದ್ದಕ್ಕೆ ತಗಡಿನ ಪೆಟ್ಟಿಗೆಗಳಿದ್ದವು. ಮೊಣಕಾಲಿಗಿಂತ ಕಡಿಮೆ ಎತ್ತರ. ಅವೇ ಬೇಸ್‌ಬೋರ್ಡ್ ಹೀಟರ್. ಇಲ್ಲಿ 'ಪ್ಲಾಂತ್' ಅನ್ನುತ್ತಾರೆ. ಒಳಗೆ ಒಂದು ಕಾಯಿಲ್, ಅದರ ಸುತ್ತ ತೆಳು ತಗಡಿನ ರೆಕ್ಕೆಗಳು. ತಣ್ಣನೆ ಗಾಳಿ ಕೆಳಗಿನಿಂದ ಒಳಗೆ ಹೋಗಿ ಬಿಸಿಯಾಗಿ ಮೇಲೆ ಬರುತ್ತದೆ. ಫ್ಯಾನ್ ಇಲ್ಲ, ಶಬ್ದ ಇಲ್ಲ. ಪ್ರತಿ ಕೋಣೆಗೂ ಗೋಡೆಯ ಮೇಲೆ ಒಂದು ಗುಂಡನೆಯ ಥರ್ಮೋಸ್ಟಾಟ್. ನಾವು ಸೋಫಾವನ್ನು ಹಾಲ್‌ನ ಹೀಟರ್‌ಗೆ ಒತ್ತಿ ಇಟ್ಟೆವು. ಹಾಗೆ ಇಡಬಾರದು ಅಂತ ಆಗ ಯಾರೂ ಹೇಳಿರಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಮೊದಲ ಸಲ ಹೀಟರ್ ಹಾಕಿದೆವು. ಮನೆಯೆಲ್ಲ ಸುಟ್ಟ ವಾಸನೆ. ಮಗಳಿಗೆ ಆಗ ಮೂರು ವರ್ಷ. ಅವಳನ್ನು ಎತ್ತಿಕೊಂಡು ಮೆಟ್ಟಿಲಿಗೆ ಓಡಿದೆ. ಎರಡನೇ ಮಹಡಿಯಲ್ಲಿ ಒಬ್ಬರು ಅಜ್ಜಿ ಇದ್ದರು. ಹುಟ್ಟಿ ಬೆಳೆದದ್ದೆಲ್ಲ ಇದೇ ಊರಿನಲ್ಲಿ. ಅವರು ಮೇಲೆ ಬಂದು ಮೂಸಿ ನೋಡಿ, ಬೇಸಿಗೆಯಿಡೀ ಕೂತ ಧೂಳು ಸುಡುತ್ತಿದೆ ಅಷ್ಟೇ ಅಂದರು. ಪ್ರತಿ ವರ್ಷ ಹೀಟರ್ ಹಾಕುವ ಮೊದಲು ವ್ಯಾಕ್ಯೂಮ್‌ನಿಂದ ಧೂಳು ಎಳೆಯಬೇಕಂತೆ. ಸೋಫಾ ನೋಡಿ ಕೈಯಲ್ಲೇ ಒಂದು ಗೇಣು ಅಳೆದು ತೋರಿಸಿದರು. ಅಷ್ಟು ದೂರ ಇರಬೇಕು. ಪರದೆಯೂ ಅಷ್ಟೇ, ಹೀಟರ್ ಮೇಲೆ ಇಳಿಬೀಳಬಾರದು. ನನ್ನ ಹರಕು ಫ್ರೆಂಚ್, ಅವರ ಹರಕು ಇಂಗ್ಲಿಷ್. ಆದರೂ ಆ ಅರ್ಧ ಗಂಟೆಯಲ್ಲಿ ನಾನು ಕಲಿತಷ್ಟನ್ನು ಓನರ್ ಎರಡು ವರ್ಷದಲ್ಲೂ ಹೇಳಿಕೊಡಲಿಲ್ಲ.

ನಾನು ಸಾಗರದ ಕಡೆಯವಳು. ಚಳಿ ಅಂದರೆ ನನಗೆ ಬಚ್ಚಲ ಒಲೆ ಮುಂದೆ ಕೂತು ಕೈ ಕಾಯಿಸುವುದು. ಹಂಡೆ ನೀರು, ಅಡಿಕೆ ಹಾಳೆಯ ಹೊಗೆ, ಕಂಬಳಿ. ಬೆಂಕಿ ಇರುವ ಜಾಗಕ್ಕೆ ನಾವು ಹೋಗುತ್ತಿದ್ದೆವು. ಇಲ್ಲಿ ಹಾಗಲ್ಲ. ಇಡೀ ಮನೆಯ ಗಾಳಿಯನ್ನೇ ಬಿಸಿ ಮಾಡಬೇಕು, ಇಡೀ ಮನೆ ಬಿಸಿಯಾಗಿಯೇ ಇರಬೇಕು. ಇಲ್ಲದಿದ್ದರೆ ನಲ್ಲಿ ಪೈಪು ಹೆಪ್ಪುಗಟ್ಟಿ ಒಡೆಯುತ್ತದೆ. ಬೆಂಕಿಯ ಬದಲು ಗೋಡೆ, ಕಿಟಕಿ, ಬಾಗಿಲಿನ ಸಂದುಗಳ ಬಗ್ಗೆ ಯೋಚಿಸುವುದನ್ನು ಕಲಿಯಲು ನನಗೆ ಒಂದು ಚಳಿಗಾಲ ಪೂರ್ತಿ ಬೇಕಾಯಿತು.

ಡಿಸೆಂಬರ್‌ನಲ್ಲಿ ಹಾಲ್ ತಣ್ಣಗಿರುತ್ತಿತ್ತು. ಥರ್ಮೋಸ್ಟಾಟ್ 21ಕ್ಕೆ ತಿರುಗಿಸಿದರೂ ಒಳಗೆ ಅಷ್ಟು ಬಿಸಿ ಬರುತ್ತಿರಲಿಲ್ಲ. 25ಕ್ಕೆ ತಿರುಗಿಸಿದೆ. ಬೇಗ ಬಿಸಿಯಾಗುತ್ತದೆ ಅಂತ ನಂಬಿದ್ದೆ. ಅದು ತಪ್ಪು. ಈ ಹೀಟರ್‌ಗೆ ಜೋರು, ನಿಧಾನ ಅನ್ನುವುದೇ ಇಲ್ಲ. ಉರಿದರೆ ಪೂರ್ತಿ ಉರಿಯುತ್ತದೆ, ಇಲ್ಲದಿದ್ದರೆ ಆರುತ್ತದೆ. ಥರ್ಮೋಸ್ಟಾಟ್ ಹೇಳುವುದು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಮಾತ್ರ. ಹಳೇ ಗುಂಡನೆಯ ಥರ್ಮೋಸ್ಟಾಟ್‌ನ ಒಳಗೆ ಎರಡು ಲೋಹದ ಪಟ್ಟಿ ಇರುತ್ತದೆ. ಅದು ಬಾಗುವುದರಿಂದ ಕನೆಕ್ಷನ್ ಬಿಟ್ಟು ಹಿಡಿಯುತ್ತದೆ. ಲೆಕ್ಕ ಒರಟು. ಕೋಣೆ ಎರಡು ಡಿಗ್ರಿ ಮೇಲೆ ಹೋಗಿ ಎರಡು ಡಿಗ್ರಿ ಕೆಳಗಿಳಿದ ಮೇಲೆ 'ಟಕ್' ಅನ್ನುತ್ತಿತ್ತು. ರಾತ್ರಿ ಆ ಸದ್ದಿಗೆ ಎಚ್ಚರವಾಗುತ್ತಿತ್ತು.

ಓನರ್‌ಗೆ ಫೋನ್ ಮಾಡಿದೆ. ಮರುದಿನ ಎಣ್ಣೆ ತುಂಬಿದ, ಚಕ್ರ ಇರುವ ಒಂದು ರೇಡಿಯೇಟರ್ ತಂದು ಬಾಗಿಲಲ್ಲಿಟ್ಟು ಹೋದರು. ಇದು ಕರೆಂಟ್ ಕಡಿಮೆ ತಿನ್ನುತ್ತದೆ ಅಂದರು. ನಾನು ನಂಬಿದೆ. ನಮ್ಮನೆಯವರು ನಂಬಲಿಲ್ಲ. ಅವರು ಪೆಟ್ಟಿಗೆ ತಿರುಗಿಸಿ ಓದಿದರು. 1,500 ವ್ಯಾಟ್. ಗೋಡೆಯ ಹೀಟರ್‌ನಲ್ಲೇ ಆಗಲಿ, ಎಣ್ಣೆಯದರಲ್ಲೇ ಆಗಲಿ, 1 ಯೂನಿಟ್ ಕರೆಂಟ್ ಉರಿದರೆ ಸಿಗುವ ಬಿಸಿ ಒಂದೇ. ಯಾವುದೂ ಹೆಚ್ಚಲ್ಲ, ಯಾವುದೂ ಕಡಿಮೆಯಲ್ಲ. 50 ಡಾಲರ್‌ನದೂ ಅಷ್ಟೇ, 300 ಡಾಲರ್‌ನದೂ ಅಷ್ಟೇ. ಆಮೇಲೆ ಅಂಗಡಿಯಲ್ಲಿ 'ಕರೆಂಟ್ ಉಳಿಸುವ ಹೀಟರ್' ಅಂತ ಬರೆದದ್ದು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಹೊಸದಾಗಿ ಬಂದವರು, ಕಷ್ಟದಲ್ಲಿರುವವರು ಅದನ್ನು ನಂಬಿ ಕೊಳ್ಳುತ್ತಾರೆ. ಕರೆಂಟಿನ ಬಿಸಿಯಲ್ಲಿ ನಿಜವಾಗಿ ಉಳಿಸುವುದು ಹೀಟ್ ಪಂಪ್ ಒಂದೇ. ಅದು ಬಿಸಿಯನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಿಂದ ಎತ್ತಿ ಒಳಗೆ ತರುತ್ತದೆ. ಆದರೆ ಅದನ್ನು ಕೂರಿಸಲು ಗೋಡೆ ಕೊರೆಯಬೇಕು. ಗೋಡೆ ನಮ್ಮದಲ್ಲವಲ್ಲ.

ಇನ್ನೊಂದು ತೊಂದರೆ. ಇಲ್ಲಿ ಸಾಮಾನ್ಯ ಪ್ಲಗ್ 120 ವೋಲ್ಟ್, ಒಂದು ಲೈನ್‌ಗೆ ಹೆಚ್ಚೆಂದರೆ 15 ಆಂಪಿಯರ್. ರೇಡಿಯೇಟರ್ ಒಂದೇ 12ಕ್ಕಿಂತ ಜಾಸ್ತಿ ಎಳೆಯುತ್ತದೆ. ಹಾಲ್‌ನಲ್ಲಿ ಅದು ಉರಿಯುವಾಗ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೆ ಬ್ರೇಕರ್ ಬೀಳುತ್ತಿತ್ತು. ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚುವುದಂತೂ ಬೇಡವೇ ಬೇಡ. ವೈರ್ ಬಿಸಿಯಾಗಿ ಬೆಂಕಿ ಹತ್ತುವುದು ಹಾಗೆಯೇ.

2023ರ ಫೆಬ್ರವರಿ 3 ಮತ್ತು 4. ಆ ಎರಡು ದಿನ ನಾನು ಮರೆಯುವುದಿಲ್ಲ. ಮಾಂಟ್ರಿಯಲ್‌ನಲ್ಲಿ ಉಷ್ಣತೆ ಮೈನಸ್ 29ರ ಹತ್ತಿರ ಇಳಿಯಿತು. ಗಾಳಿ ಬೇರೆ ಬೀಸುತ್ತಿತ್ತು. 3ರ ಸಂಜೆ ಇಡೀ ಕೆಬೆಕ್ ಬಳಸಿದ ಕರೆಂಟ್ 43,000 ಮೆಗಾವ್ಯಾಟ್ ದಾಟಿತು, ಅಲ್ಲಿಯವರೆಗಿನ ದಾಖಲೆ ಅದು. ಇಲ್ಲಿನ ಹೆಚ್ಚಿನ ಮನೆಗಳು ಕರೆಂಟಿನಿಂದಲೇ ಬಿಸಿಯಾಗುವುದು. ಎಲ್ಲರ ಮನೆಯ ಹೀಟರ್‌ಗಳೂ ಒಟ್ಟಿಗೆ ಉರಿದವು. ನಮ್ಮವೂ ಆರದೇ ಉರಿದವು. ಆದರೂ ಹಾಲ್‌ನಲ್ಲಿ 17 ಡಿಗ್ರಿ. ಕಿಟಕಿಯ ಒಳಗಿನ ಅಂಚಿನಲ್ಲಿ ಮಂಜುಗಡ್ಡೆ ಕಟ್ಟಿತ್ತು. ಮಗಳು ಅದನ್ನು ಉಗುರಿನಿಂದ ಕೆರೆಯುತ್ತಿದ್ದಳು.

ಮನೆಯಲ್ಲಿ ಬೆಚ್ಚಗಿದ್ದದ್ದು ಒಂದೇ ಕೋಣೆ, ಹಿಂದಿನ ಚಿಕ್ಕದು. ಅದರ ಕೆಳಗೆ ಅಜ್ಜಿಯ ಅಡುಗೆಮನೆ. ಅವರು ದಿನವಿಡೀ ಓವನ್‌ನಲ್ಲಿ ಏನಾದರೂ ಬೇಯಿಸುತ್ತಿದ್ದರು. ನೆಲ ಕೈಗೆ ಬೆಚ್ಚಗೆ ತಾಗುತ್ತಿತ್ತು. ಮೂವರೂ ಹಾಸಿಗೆ ಎಳೆದುಕೊಂಡು ಅಲ್ಲಿ ಮಲಗಿದೆವು. ವಿಡಿಯೋ ಕಾಲ್‌ನಲ್ಲಿ ಅಮ್ಮ ನನ್ನ ಟೋಪಿ ನೋಡಿ, "ಇದೇನೇ, ಮನೆ ಒಳಗೂ ಟೋಪಿ ಹಾಕ್ಕೊಂಡಿದೀಯ? ಮಗೂನ ನೆಲದ ಮೇಲೆ ಯಾಕೆ ಮಲಗಿಸಿದ್ದು?" ಅಂದಳು. ನೆಲವೇ ಬೆಚ್ಚಗಿದೆ ಅಮ್ಮ ಅಂದರೆ ಅವಳಿಗೆ ಅರ್ಥವಾಗಲಿಲ್ಲ.

ಅದಾದ ವಾರಕ್ಕೆ ಬಿಲ್ ಬಂತು. ಇಲ್ಲಿ ಕರೆಂಟ್ ಬಿಲ್ ಅನ್ನುವುದಿಲ್ಲ, 'ಹೈಡ್ರೋ' ಅನ್ನುತ್ತಾರೆ. ನೀರಿನಿಂದ ಬರುವ ಕರೆಂಟ್, ಕೊಡುವ ಸಂಸ್ಥೆ ಹೈಡ್ರೋ ಕೆಬೆಕ್. ಎರಡು ತಿಂಗಳಿಗೊಮ್ಮೆ ಬಿಲ್. ಡಿಸೆಂಬರ್, ಜನವರಿ ಸೇರಿ 60 ದಿನಕ್ಕೆ 4,800 ಯೂನಿಟ್. 472 ಡಾಲರ್.

ಬಿಲ್ ಓದುವುದನ್ನು ಆಗ ಕಲಿತೆ. ದರ ಎರಡು ಹಂತದ್ದು. ದಿನಕ್ಕೆ 40 ಯೂನಿಟ್‌ವರೆಗೆ ಒಂದು ದರ, ಅದನ್ನು ಮೀರಿದ್ದಕ್ಕೆ ಇನ್ನೊಂದು. ಆ ಚಳಿಗಾಲದಲ್ಲಿ ಮೊದಲ ಹಂತ ಯೂನಿಟ್‌ಗೆ 6.3 ಸೆಂಟ್, ಎರಡನೆಯದು 9.7 ಸೆಂಟ್. ಇದರ ಮೇಲೆ ದಿನಕ್ಕೆ 42 ಸೆಂಟ್ ನಿಗದಿ ಶುಲ್ಕ. ಎಲ್ಲಕ್ಕೂ ಎರಡು ತೆರಿಗೆ ಸೇರಿ ಹತ್ತಿರ ಹತ್ತಿರ ಶೇ. 15. ಉತ್ತರ ಅಮೆರಿಕದಲ್ಲಿ ಇಷ್ಟು ಅಗ್ಗದ ಕರೆಂಟ್ ಇನ್ನೆಲ್ಲೂ ಸಿಗುವುದು ಕಷ್ಟ. ನಮ್ಮ ಬಳಕೆ ದಿನಕ್ಕೆ 80. ಅಂದರೆ ಸರಿಯಾಗಿ ಅರ್ಧ ದುಬಾರಿ ಹಂತದಲ್ಲಿ ಬಿದ್ದಿತ್ತು. ಬೇಸಿಗೆಯಲ್ಲಿ ನಮ್ಮದು ದಿನಕ್ಕೆ 20 ಯೂನಿಟ್, ಗೀಸರ್ ಸೇರಿ. ಉಳಿದ 60 ಯೂನಿಟ್ ಬರೀ ಬಿಸಿಗೆ. ಅದರಲ್ಲಿ ಎಷ್ಟು ಮನೆಯೊಳಗೆ ಉಳಿಯಿತು, ಎಷ್ಟು ಕಿಟಕಿ ಸಂದಿನಿಂದ ರಸ್ತೆಗೆ ಹೋಯಿತು? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಇದಕ್ಕೆ ಬೇರೆ ಕಾರಣವೂ ಇದೆ. ನನ್ನ ಅಜ್ಜನ ಊರು ಶರಾವತಿ ಮುಳುಗಡೆಯಲ್ಲಿ ಹೋಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ತೋಟ, ಗದ್ದೆ, ದೇವಸ್ಥಾನ, ಎಲ್ಲ ನೀರಿನಡಿ. ಕರೆಂಟ್ ಸುಮ್ನೆ ಉರಿಯುವುದನ್ನು ನಮ್ಮ ಮನೆಯಲ್ಲಿ ಯಾರೂ ಸಹಿಸುತ್ತಿರಲಿಲ್ಲ. ಈ ಮನೆಗೆ ಬರುವ ಕರೆಂಟಿನ ದೊಡ್ಡ ಪಾಲು ಸಾವಿರ ಕಿಲೋಮೀಟರ್ ಉತ್ತರದ ಜೇಮ್ಸ್ ಬೇ ಕಡೆಯ ಅಣೆಕಟ್ಟುಗಳಿಂದ. ಅಲ್ಲಿನ ಮೂಲನಿವಾಸಿಗಳಾದ ಕ್ರೀ ಜನರ ಬೇಟೆಯ ನೆಲ ಮುಳುಗಿತು. ಅವರು ಕೋರ್ಟಿಗೆ ಹೋಗಿ, ಕೊನೆಗೆ 1975ರಲ್ಲಿ ಸರ್ಕಾರದೊಂದಿಗೆ ಒಪ್ಪಂದವಾಯಿತು. ಆ ಕರೆಂಟ್ ನನ್ನ ಹಾಲ್‌ನ ಕಿಟಕಿಯಿಂದ ಹೊರಗೆ ಸೋರುತ್ತಿದೆ ಅನ್ನುವುದು ನನಗೆ ಬಿಲ್‌ಗಿಂತ ಜಾಸ್ತಿ ಚುಚ್ಚಿತು.

ಹೈಡ್ರೋದ ಆನ್‌ಲೈನ್ ಖಾತೆಯಲ್ಲಿ ಗಂಟೆ ಗಂಟೆಗೂ ಎಷ್ಟು ಯೂನಿಟ್ ಬಳಸಿದೆವು ಅಂತ ತೋರಿಸುತ್ತದೆ. ಒಂದು ನೋಟ್‌ಬುಕ್ ಇಟ್ಟೆ. ದಿನದ ಯೂನಿಟ್, ಹೊರಗಿನ ಉಷ್ಣತೆ, ಹಾಲ್‌ನ ಉಷ್ಣತೆ. ಮೂರೇ ಸಾಲು. ಹಿಂದಿನ ದಿನಗಳದನ್ನೂ ತೆಗೆದು ಬರೆದುಕೊಂಡೆ. ಮೈನಸ್ 12ರ ಒಂದು ದಿನ 99 ಯೂನಿಟ್. ಫೆಬ್ರವರಿ 4ಕ್ಕೆ 128.

ಸಂದು ಹುಡುಕಲು ಊದಿನಕಡ್ಡಿ ಹಚ್ಚಿದೆ. ಗಾಳಿ ಜೋರಾಗಿದ್ದ ಒಂದು ಸಂಜೆ ಅದನ್ನು ಹಿಡಿದು ಕಿಟಕಿಯ ಚೌಕಟ್ಟಿನ ಉದ್ದಕ್ಕೂ, ಬಾಗಿಲಿನ ಸುತ್ತ, ಹೊಸ್ತಿಲ ಬಳಿ ನಿಧಾನಕ್ಕೆ ಹೋದೆ. ಹೊಗೆ ನೇರ ಮೇಲೆ ಹೋದರೆ ಸರಿ. ಅಡ್ಡ ಓಡಿದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ಅತಿ ಹೆಚ್ಚು ಹೊಗೆ ಅಲುಗಾಡಿದ್ದು ನಾನು ಎಣಿಸದೇ ಇದ್ದ ಜಾಗದಲ್ಲಿ, ಹೊರಗೋಡೆಯ ಪ್ಲಗ್ ಪಾಯಿಂಟ್‌ಗಳಲ್ಲಿ. ಗೋಡೆಯೊಳಗಿನ ತಣ್ಣನೆ ಗಾಳಿ ಆ ತೂತುಗಳಿಂದ ನೇರ ಒಳಗೆ ಬರುತ್ತಿತ್ತು. ಅದಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ತೆಳು ಫೋಮ್ ಸಿಗುತ್ತದೆ. ಬ್ರೇಕರ್ ಆಫ್ ಮಾಡಿ, ಮುಚ್ಚಳ ಬಿಚ್ಚಿ, ಹಿಂದೆ ಇಟ್ಟು ಮತ್ತೆ ಬಿಗಿದರೆ ಆಯಿತು. ಬಾಗಿಲಿಗೆ ರಬ್ಬರ್ ಪಟ್ಟಿ. ಹೊಸ್ತಿಲಿಗೆ ಹಳೇ ಜೀನ್ಸ್‌ನ ಕಾಲಿಗೆ ಅಕ್ಕಿ ತುಂಬಿ ಹೊಲಿದ ಉದ್ದ ದಿಂಬು.

ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹಾಕುವುದನ್ನು ಅಜ್ಜಿಯೇ ಕಲಿಸಿದ್ದು. ಚೌಕಟ್ಟಿನ ಸುತ್ತ ಎರಡೂ ಕಡೆ ಅಂಟುವ ಟೇಪ್ ಹಾಕಬೇಕು. ಅದಕ್ಕೂ ಮೊದಲು ಚೌಕಟ್ಟು ಒರೆಸಿ ಒಣಗಿಸಬೇಕು. ಮೊದಲ ಸಲ ನಾನು ಅದನ್ನು ಬಿಟ್ಟಿದ್ದಕ್ಕೆ ಎರಡೇ ದಿನಕ್ಕೆ ಟೇಪ್ ಕಿತ್ತು ಬಂತು. ಆಮೇಲೆ ಹಾಳೆ ಅಂಟಿಸಿ, ಹೇರ್ ಡ್ರೈಯರ್‌ನಿಂದ ಬಿಸಿ ಗಾಳಿ ಬಿಡುತ್ತಾ ಹೋದರೆ ಸುಕ್ಕೆಲ್ಲ ಎಳೆದುಕೊಂಡು ಗಾಜಿನ ಹಾಗೆ ಬಿಗಿಯಾಗುತ್ತದೆ. ಗಾಜಿಗೂ ಹಾಳೆಗೂ ನಡುವೆ ನಿಂತ ಗಾಳಿಯೇ ಕಂಬಳಿ. ಐದು ಕಿಟಕಿಗೆ ಎಲ್ಲ ಸೇರಿ 60 ಡಾಲರ್ ಒಳಗೆ ಮುಗಿಯಿತು. ಫೆಬ್ರವರಿ ಕೊನೆಯಲ್ಲಿ ಮತ್ತೊಂದು ಮೈನಸ್ 12ರ ದಿನ ಬಂತು. 86 ಯೂನಿಟ್. ಫೆಬ್ರವರಿಯ ಬಿಸಿಲಿಗೂ ಅದರಲ್ಲಿ ಒಂದು ಪಾಲು ಇರಬೇಕು. ಆದರೆ ಹಾಲ್‌ನಲ್ಲಿ ಕೂತರೆ ಬೆನ್ನಿಗೆ ತಾಗುತ್ತಿದ್ದ ಗಾಳಿ ನಿಂತಿತ್ತು.

ಬಟ್ಟೆಯನ್ನು ಒಳಗೆ ಒಣಹಾಕುವುದನ್ನೂ ಬಿಟ್ಟೆವು. ಅನ್ನ, ಸಾರು, ಸ್ನಾನ, ಒದ್ದೆ ಬಟ್ಟೆ, ಎಲ್ಲದರ ಹಬೆ ಹೋಗಿ ಆ ತಣ್ಣನೆ ಗಾಜಿನ ಮೇಲೆ ನೀರಾಗುತ್ತದೆ. ಮಲಗುವ ಕೋಣೆಯ ಮೂಲೆಯಲ್ಲಿ ಆಗಲೇ ಕಪ್ಪು ಬೂಷ್ಟು ಹಿಡಿದಿತ್ತು. ಅಡುಗೆ ಮಾಡುವಾಗ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಬಿಸಿ ಹೊರಗೆ ಹೋಗುತ್ತದೆ ಅಂತ ನಾನು ಆಫ್ ಮಾಡುತ್ತಿದ್ದೆ. ಹಾಗೆ ಮಾಡಬಾರದು. ಬೂಷ್ಟಿನ ತೊಂದರೆ ದೊಡ್ಡದು.

ಆದರೆ ಹಾಲ್ 21 ಮುಟ್ಟದಿರುವುದು ನಮ್ಮ ಟೇಪ್‌ನಿಂದ ಸರಿಹೋಗುವ ಮಾತಲ್ಲ. ನಮ್ಮನೆಯವರು ಹೀಟರ್‌ನ ಪಕ್ಕದ ಚೀಟಿ ಓದಿದರು. 1,000 ವ್ಯಾಟ್. ಹಾಲ್ ಸುಮಾರು 200 ಚದರಡಿ. ಎಲೆಕ್ಟ್ರಿಷಿಯನ್‌ಗಳ ಸಾಮಾನ್ಯ ಅಂದಾಜು ಚದರಡಿಗೆ 10 ವ್ಯಾಟ್. ಹಳೇ ಮನೆಗೆ ಇನ್ನೂ ಸ್ವಲ್ಪ ಜಾಸ್ತಿ. ಅಂದರೆ ಅರ್ಧದಷ್ಟು ಹೀಟರ್ ಮಾತ್ರ ಅಲ್ಲಿತ್ತು.

ಓನರ್ ಎರಡು ಸಲ ಫೋನ್ ಎತ್ತಲಿಲ್ಲ. ಮೂರನೇ ಸಲ, ನಿಮಗೆ ಚಳಿ ಅಭ್ಯಾಸ ಇಲ್ಲ, ಅದಕ್ಕೇ ಹಾಗನಿಸುತ್ತದೆ ಅಂದರು. ಆ ಮಾತು ನನಗೆ ತುಂಬಾ ನೋವು ಮಾಡಿತು. ಮೂರು ವರ್ಷದ ಮಗು ರಾತ್ರಿ ನಡುಗುವುದು ಅಭ್ಯಾಸದ ಪ್ರಶ್ನೆಯೇ?

ಹಾಸನದ ಕಡೆಯ ಒಬ್ಬ ಅಕ್ಕ ಇಲ್ಲಿ ಹದಿನೈದು ವರ್ಷದಿಂದ ಇದ್ದಾರೆ. ಅವರಿಗೆ ಹೇಳಿಕೊಂಡೆ. "ಅಳಬೇಡ ಕಣೇ, ಬರಿ. ಫೋನ್‌ನಲ್ಲಿ ಹೇಳಿದ್ದು ಹೇಳಿದ್ದಲ್ಲ ಇಲ್ಲಿ. ಕಾಗದ ಬರಿ, ರಿಜಿಸ್ಟರ್ ಮಾಡು" ಅಂದರು. ಬಡಾವಣೆ ಬಡಾವಣೆಗೂ ಇಲ್ಲಿ ಬಾಡಿಗೆದಾರರ ಸಮಿತಿಗಳಿವೆ, 'ಕೊಮಿತೆ ಲೋಜ್‌ಮಾಂ' ಅಂತ. ನಮ್ಮ ಬಡಾವಣೆಯದಕ್ಕೆ ಹೋದೆ. ದುಡ್ಡು ಕೇಳಲಿಲ್ಲ. ಮೇಜಿನ ಆಚೆ ಕೂತವರು ನನ್ನ ನೋಟ್‌ಬುಕ್ ತಿರುವಿ ನೋಡಿ, ಇದು ಚೆನ್ನಾಗಿದೆ, ಇದೇ ಬೇಕಾದದ್ದು ಅಂದರು. ಮಾಂಟ್ರಿಯಲ್ ನಗರದ ನಿಯಮದ ಪ್ರಕಾರ ಬಾಡಿಗೆ ಮನೆಯ ಹೀಟಿಂಗ್‌ಗೆ ಮನೆಯನ್ನು 21 ಡಿಗ್ರಿಯಲ್ಲಿ ಇಡುವ ಶಕ್ತಿ ಇರಬೇಕು. ಬಿಲ್ ಯಾರು ಕಟ್ಟಿದರೂ ಸರಿ, ಆ ಶಕ್ತಿ ಒದಗಿಸುವುದು ಓನರ್ ಕೆಲಸ. ಕೇಳದಿದ್ದರೆ 311ಕ್ಕೆ ಫೋನ್ ಮಾಡಿದರೆ ನಗರದ ಇನ್‌ಸ್ಪೆಕ್ಟರ್ ಬರುತ್ತಾರೆ. ಅದಕ್ಕೂ ಜಗ್ಗದಿದ್ದರೆ ಬಾಡಿಗೆ ವ್ಯಾಜ್ಯಗಳ ಟ್ರಿಬ್ಯುನಲ್ ಇದೆ. ಬಾಡಿಗೆ ಇಳಿಸಿಕೊಡಿ, ರಿಪೇರಿ ಮಾಡಿಸಿ ಅಂತ ಅಲ್ಲಿ ಕೇಳಬಹುದು. ಆದರೆ ಬಾಡಿಗೆ ಕೊಡುವುದನ್ನು ಮಾತ್ರ ನಾವಾಗಿ ನಿಲ್ಲಿಸಬಾರದು ಅಂತ ಅವರು ಎರಡು ಸಲ ಒತ್ತಿ ಹೇಳಿದರು. ನಿಲ್ಲಿಸಿದರೆ ತಪ್ಪು ನಮ್ಮ ಮೇಲೆ ತಿರುಗುತ್ತದೆ.

ಕಾಗದ ಒಂದೇ ಪುಟ. ಯಾವ ದಿನ, ಎಷ್ಟು ಗಂಟೆಗೆ, ಹೊರಗೆ ಎಷ್ಟು, ಒಳಗೆ ಎಷ್ಟು ಅಂತ ಹತ್ತು ಸಾಲು. ಥರ್ಮಾಮೀಟರ್‌ನ ಫೋಟೋ ನಾಲ್ಕು. ಹೀಟರ್‌ನ ಚೀಟಿಯ ಫೋಟೋ ಒಂದು. ಹತ್ತು ದಿನದಲ್ಲಿ ಸರಿಮಾಡಿ, ಇಲ್ಲದಿದ್ದರೆ ಮುಂದಿನ ದಾರಿ ನೋಡುತ್ತೇವೆ ಅಂತ ಕೊನೆಯ ಸಾಲು. ಕೋಪದ ಒಂದು ಮಾತೂ ಬರೆಯಲಿಲ್ಲ. ಫೆಬ್ರವರಿ ಮಧ್ಯದಲ್ಲಿ ಕಳಿಸಿದೆ. ಮಾರ್ಚ್ ಮೊದಲ ವಾರ ಎಲೆಕ್ಟ್ರಿಷಿಯನ್ ಬಂದರು. ಗೋಡೆಯ ಹೀಟರ್ 240 ವೋಲ್ಟಿನದು. ಅದನ್ನು ಲೈಸೆನ್ಸ್ ಇರುವವರೇ ಮುಟ್ಟಬೇಕು. ಹಾಲ್‌ಗೆ 2,000 ವ್ಯಾಟ್‌ನ ಹೊಸದು ಕೂರಿಸಿದರು. ಗುಂಡನೆಯದನ್ನು ಕಿತ್ತು ಎಲೆಕ್ಟ್ರಾನಿಕ್ ಥರ್ಮೋಸ್ಟಾಟ್ ಹಾಕಿದರು. ಅವತ್ತು ರಾತ್ರಿ ಹಾಲ್ 21 ಮುಟ್ಟಿತು. ಮಗಳು ಟೋಪಿ ತೆಗೆದು ಕುಣಿದಳು.

ಆದರೆ ಬಿಲ್ ಇಳಿಯಲಿಲ್ಲ. ಇಳಿಯುವುದು ಹೇಗೆ? ಮೊದಲು 17 ಡಿಗ್ರಿಗೆ ಕಟ್ಟುತ್ತಿದ್ದೆವು, ಈಗ 21ಕ್ಕೆ. ಗೋಡೆ ಅದೇ, ತಾರಸಿ ಅದೇ, ಒಂದೇ ಪದರದ ಹಳೇ ಕಿಟಕಿಗಳೂ ಅವೇ. ಕಾನೂನು 21 ಡಿಗ್ರಿ ಸಿಗುವಂತಿರಬೇಕು ಅನ್ನುತ್ತದೆ. ಎಷ್ಟು ಯೂನಿಟ್‌ನಲ್ಲಿ ಸಿಗಬೇಕು ಅನ್ನುವುದಿಲ್ಲ. ನನ್ನ ಮಟ್ಟಿಗೆ ಇಡೀ ಕಷ್ಟದ ಬೇರು ಇಲ್ಲಿದೆ. ತಾರಸಿಗೆ ಇನ್ಸುಲೇಷನ್ ಹಾಕಿಸುವ ಅಧಿಕಾರ ಓನರ್‌ದು. ಹಾಕಿಸದಿದ್ದರೆ ಅವರಿಗೆ ಒಂದು ಸೆಂಟೂ ನಷ್ಟವಿಲ್ಲ. ನಷ್ಟವಾಗುವುದು ನಮಗೆ, ಆದರೆ ತಾರಸಿ ಮುಟ್ಟುವ ಅಧಿಕಾರ ನಮಗಿಲ್ಲ. ಕಿಟಕಿ ಬದಲಿಸುವವರು, ಯಾವ ಹೀಟರ್ ಅಂತ ಆಯ್ಕೆ ಮಾಡುವವರು, ಬಿಲ್ ಕಟ್ಟದವರು, ಮೂವರೂ ಒಬ್ಬರೇ. ಶೋಫೇ ಮನೆಯ ಓನರ್ ಆಗಿದ್ದರೆ ಆ ಕಿಟಕಿಗಳು ಎಂದೋ ಬದಲಾಗುತ್ತಿದ್ದವು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ವರ್ಷದ ಲೆಕ್ಕ ಹಾಕಿದೆ. ಬಿಸಿಗೇ ಖರ್ಚಾದದ್ದು 900 ಡಾಲರ್ ಹತ್ತಿರ. ಬಾಡಿಗೆಯಲ್ಲಿ ಉಳಿಸಿದ್ದು 840. ದುಡ್ಡು ಸರಿಸಮ ಅನ್ನಬಹುದು. ಆದರೆ ಅದೇ ರಸ್ತೆಯ ಆ ಇನ್ನೊಂದು ಮನೆಯವರು ಫೆಬ್ರವರಿ 4ರ ರಾತ್ರಿ ಹಾಲ್‌ನಲ್ಲಿ ಕೂತು ಊಟ ಮಾಡಿರುತ್ತಾರೆ.

ಚಳಿ ಮುಗಿಯಿತು ಅಂದುಕೊಂಡಾಗ ಏಪ್ರಿಲ್ 5ರಂದು ಮಂಜುಮಳೆ ಬಂತು. ಮರಗಳ ಮೇಲೆ ಗಾಜಿನ ಹಾಗೆ ಹೆಪ್ಪುಗಟ್ಟಿ, ಕೊಂಬೆಗಳು ಮುರಿದು ತಂತಿಗಳ ಮೇಲೆ ಬಿದ್ದವು. ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಯಿತು. ನಮ್ಮದೂ ಹೋಯಿತು. ಬಿಸಿ, ಬಿಸಿನೀರು, ಒಲೆ, ಎಲ್ಲ ಒಂದೇ ತಂತಿಯಲ್ಲಿ ಬರುವುದು. ಅಜ್ಜಿ 1998ರ ಜನವರಿಯ ಮಂಜುಮಳೆ ಕಂಡವರು. ಆಗ ಕೆಲವು ಕಡೆ ವಾರಗಟ್ಟಲೆ ಕರೆಂಟ್ ಇರಲಿಲ್ಲವಂತೆ. ಇದು ಏಪ್ರಿಲ್, ಹೆದರಬೇಡ ಅಂದರು.

ಆ ದಿನ ಅಮ್ಮ ಫೋನ್‌ನಲ್ಲಿ, "ಒಂದು ಬಾಂಡ್ಲಿಯಲ್ಲಿ ಕೆಂಡ ಮಾಡಿ ಕೋಣೆಯಲ್ಲಿ ಇಟ್ಕೊಳ್ರೇ" ಅಂದಳು. ಅವಳ ಮಾತಿನಲ್ಲಿ ತಪ್ಪಿಲ್ಲ, ನಮ್ಮ ಹಂಚಿನ ಮನೆಯಲ್ಲಿ ಹಾಗೇ ಮಾಡುತ್ತಿದ್ದದ್ದು. ಹಂಚಿನ ಸಂದಿನಿಂದ ಹೊಗೆ ತಾನೇ ದಾರಿ ಮಾಡಿಕೊಳ್ಳುತ್ತಿತ್ತು. ಇಲ್ಲಿ ನಾನೇ ಕೈಯಾರೆ ಒಂದೊಂದು ಸಂದೂ ಮುಚ್ಚಿದ್ದೇನೆ. ಈ ಮನೆಯಲ್ಲಿ ಕೆಂಡವಾಗಲಿ, ಹೊರಗೆ ಬಳಸುವ ಬಾರ್ಬೆಕ್ಯೂ ಒಲೆಯಾಗಲಿ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಊರಿನಿಂದ ಬಂದ ಎಲ್ಲರಿಗೂ ನಾನು ಕೈಮುಗಿದು ಹೇಳುವುದು ಇದೊಂದನ್ನು. ನಾವು ಎರಡು ದಿನ ಹಾಸನದ ಅಕ್ಕನ ಮನೆಯಲ್ಲಿದ್ದೆವು. ಅಜ್ಜಿಯನ್ನೂ ಕರೆದೆ. ಅವರು ಮೂರು ಸ್ವೆಟರ್ ಹಾಕಿಕೊಂಡು ಇಲ್ಲೇ ಇರುತ್ತೇನೆ ಅಂದರು.

ಎರಡನೇ ಚಳಿಗಾಲಕ್ಕೆ ಅಕ್ಟೋಬರ್‌ನಲ್ಲೇ ಹೀಟರ್‌ಗಳ ಧೂಳು ತೆಗೆದು, ಪ್ಲಾಸ್ಟಿಕ್ ಹಾಳೆ ಹಾಕಿದೆವು. ರಾತ್ರಿ ಹಾಲ್ 17, ಮಲಗುವ ಕೋಣೆ 19. ಬೆಳಿಗ್ಗೆ ಆರಕ್ಕೆ ತಾನಾಗಿ ಏರುವಂತೆ ಹೊಸ ಥರ್ಮೋಸ್ಟಾಟ್‌ನಲ್ಲಿ ಕೂರಿಸಿದೆವು. ದಕ್ಷಿಣದ ಕಿಟಕಿಗೆ ಬಿಸಿಲು ಇದ್ದಾಗ ಪರದೆ ತೆಗೆದು, ಸಂಜೆ ನಾಲ್ಕಕ್ಕೆ ಮುಚ್ಚುವುದು ಮಗಳ ಕೆಲಸ. ಅದೇ ಎರಡು ತಿಂಗಳಿಗೆ ದಿನಕ್ಕೆ 68 ಯೂನಿಟ್ ಆಯಿತು. ದರ ಅಷ್ಟರಲ್ಲಿ ಶೇ. 3 ಏರಿತ್ತು, ಆದರೂ ಬಿಲ್ 404 ಡಾಲರ್. ಆ ವರ್ಷದ ಚಳಿಗಾಲವೇ ಮೆತ್ತಗಿತ್ತು, ಅದನ್ನು ಮರೆಯಬಾರದು. ಬಿಲ್‌ಅನ್ನು ಹನ್ನೆರಡು ಸಮ ಕಂತಾಗಿ ಕಟ್ಟುವ ಏರ್ಪಾಡಿಗೂ ಸೇರಿಕೊಂಡೆವು. ಅದರಿಂದ ಒಂದು ಸೆಂಟೂ ಉಳಿಯುವುದಿಲ್ಲ. ಫೆಬ್ರವರಿಯಲ್ಲಿ ಎದೆ ಧಸಕ್ಕೆನ್ನುವುದು ಮಾತ್ರ ತಪ್ಪುತ್ತದೆ. ಕೆಲಸ ಹೋಗಿ ಬಿಲ್ ಕಟ್ಟಲಾಗದೆ ಒದ್ದಾಡುತ್ತಿದ್ದ ಒಬ್ಬ ಪರಿಚಯದವರಿಗೆ, ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ಬಿಲ್ ಬಾಕಿಗಾಗಿ ಮನೆಯ ಬಿಸಿಯ ಕರೆಂಟ್ ಕತ್ತರಿಸುವುದಿಲ್ಲ, ಹೆದರಬೇಡಿ, ಫೋನ್ ಮಾಡಿ ಕಂತು ಕೇಳಿ ಅಂತ ಹೇಳುವಷ್ಟು ಆಗ ನನಗೆ ತಿಳಿದಿತ್ತು.

ಫೆಬ್ರವರಿಯಲ್ಲಿ ಬಾಡಿಗೆ ಏರಿಸುವ ನೋಟಿಸ್ ಬಂತು. ಒಪ್ಪುತ್ತೇವೆ, ಏರಿಕೆ ಒಪ್ಪುವುದಿಲ್ಲ ಆದರೆ ಮನೆ ಬಿಡುವುದಿಲ್ಲ, ಅಥವಾ ಮನೆ ಬಿಡುತ್ತೇವೆ. ಮೂರರಲ್ಲಿ ಒಂದನ್ನು ತಿಂಗಳೊಳಗೆ ತಿಳಿಸಬೇಕು. ನಾವು ಬಿಡುತ್ತೇವೆ ಅಂದೆವು.

ಈ ಸಲ ಮನೆ ಹುಡುಕಿದ್ದೇ ಬೇರೆ ಥರ. ಹೈಡ್ರೋದ ವೆಬ್‌ಸೈಟಿನಲ್ಲಿ ಮನೆಯ ವಿಳಾಸ ಕೊಟ್ಟರೆ ಅಲ್ಲಿ ವರ್ಷಕ್ಕೆ ಕರೆಂಟಿಗೆ ಎಷ್ಟಾಗಬಹುದು ಅಂತ ಅಂದಾಜು ಕೊಡುತ್ತದೆ. ಸಹಿ ಹಾಕುವ ಮೊದಲೇ ನೋಡಬಹುದು. ಎರಡು ವರ್ಷದ ಹಿಂದೆ ಇದು ಗೊತ್ತಿದ್ದರೆ! ಮನೆ ನೋಡಲು ಮಾರ್ಚ್‌ನಲ್ಲಿ, ಚಳಿ ಇರುವಾಗಲೇ ಹೋದೆವು. ಕಿಟಕಿಯ ಅಂಚಿಗೆ ಹಸಿ ಕೈ ಹಿಡಿದು ನೋಡಿದೆ. ಹೀಟರ್‌ನ ಚೀಟಿ ಓದಿದೆವು. ಮೂಲೆಗಳಲ್ಲಿ ಹೊಸ ಪೇಂಟ್ ಮಾತ್ರ ಬಳಿದು ಬೂಷ್ಟು ಮುಚ್ಚಿದ್ದಾರೋ ನೋಡಿದೆವು. ಕೊನೆಗೆ ಸಿಕ್ಕಿದ್ದು ನಡುವಿನ ಮಹಡಿ. ಕೆಳಗೂ ಮನೆ, ಮೇಲೂ ಮನೆ. ಹಾಲ್ ಚಿಕ್ಕದು, ಬೆಳಕು ಕಡಿಮೆ. ವರ್ಷದ ಅಂದಾಜು ಹಳೇ ಮನೆಗಿಂತ ಕಾಲು ಭಾಗ ಕಡಿಮೆ.

ಬಿಡುವ ಮೊದಲು ಓನರ್ ಒಂದು ಜೋಡಿಯನ್ನು ಮನೆ ತೋರಿಸಲು ಕರೆತಂದರು. ಚಿಕ್ಕ ವಯಸ್ಸು. ಆ ಹುಡುಗಿ ಬಸುರಿ, ಏಳು ತಿಂಗಳು ತುಂಬಿರಬಹುದು. ಮೇ ತಿಂಗಳ ಬಿಸಿಲು ಹಾಲ್ ತುಂಬ ಬಿದ್ದಿತ್ತು. ಇಬ್ಬರೂ ಕಿಟಕಿ ಹತ್ತಿರ ನಿಂತು, ಎಷ್ಟು ಬೆಳಕು ಅಂದರು. ಓನರ್ ಕೆಳಗೆ ಫೋನ್‌ನಲ್ಲಿ ಮಾತಾಡಲು ಹೋದಾಗ ನಾನು ನೋಟ್‌ಬುಕ್ ತಂದು ಮೇಜಿನ ಮೇಲೆ ಇಟ್ಟೆ. ಎರಡು ಚಳಿಗಾಲದ ಒಂದೊಂದು ದಿನದ ಯೂನಿಟ್. ಹುಡುಗ ಜನವರಿಯ ಪುಟವನ್ನು ಎರಡು ಸಲ ಓದಿದ. ಫೋಟೋ ತೆಗೆದುಕೊಳ್ಳಲೇ ಅಂದ. ನೋಟ್‌ಬುಕ್ಕೇ ಇಟ್ಟುಕೊಳ್ಳಿ ಅಂದೆ. ಬಾಡಿಗೆ ಮಾತಾಡುವ ಮೊದಲು ತಾರಸಿ ಮತ್ತು ಕಿಟಕಿ ಬಗ್ಗೆ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ ಅಂದೆ.

ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ. ಈ ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿರುವ ಕೋಣೆ ಯಾವುದು? ಅವಳನ್ನು ಹಿಂದಿನ ಚಿಕ್ಕ ಕೋಣೆಗೆ ಕರೆದುಕೊಂಡು ಹೋದೆ. ಇದರ ಕೆಳಗೆ ಒಬ್ಬರು ಅಜ್ಜಿಯ ಅಡುಗೆಮನೆ ಇದೆ, ತೊಟ್ಟಿಲು ಇಲ್ಲೇ ಇಡಿ ಅಂದೆ.